ಇಂಗ್ಲಿಷ್ ವಾಚನ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸುವ ಬಗೆ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮೊದಲನೆಯ ವಿಭಾಗಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ವಿದ್ಯಾರ್ಥಿಯು ಹಿಂದೆಂದೂ ಕಾಣದ ಗದ್ಯಭಾಗವೊಂದನ್ನು ಅವನ ಮುಂದಿಟ್ಟು, ಓದಿದ್ದನ್ನು ಆತ ಗ್ರಹಿಸಿದ್ದಾನೆಯೇ ಎಂದು ಅಲ್ಲಿ ಪರೀಕ್ಷಿಸಲಾಗುತ್ತದೆ. ಕಂಠಪಾಠಕ್ಕೆ ಅಲ್ಲಿ ಎಡೆಯಿಲ್ಲ. ಮಾರ್ಗದರ್ಶಿ ಪುಸ್ತಕಗಳೂ ಹೆಚ್ಚಿನ ನೆರವು ನೀಡಲಾರವು.

ಮಾಂಬಲ, ತಿರುವಲ್ಲಿಕೇಣಿ, ಅಯನಾವರಂ, ನಂಗನಲ್ಲೂರು ಮೊದಲಾದ ಬಡಾವಣೆಗಳಲ್ಲಿನ ಕನ್ನಡ ಮನೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ಸಂಜೆ ನಡೆಯುವ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ. ಮಗ ಗೆಳೆಯರೊಡನೆ ಪಟಪಟನೆ ಇಂಗ್ಲಿಷ್ ಮಾತನಾಡುತ್ತಾನೆ. ಕ್ರಿಕೆಟ್ ವೀಕ್ಷಕ ವಿವರಣೆಯನ್ನು ಇಂಗ್ಲಿಷಿನಲ್ಲಿಯೇ ಕೇಳುತ್ತಾನೆ. ಆದರೂ ವಾಚನ ವಿಭಾಗದಲ್ಲಿ ಇಪ್ಪತ್ತಕ್ಕೆ ಹತ್ತೋ ಹನ್ನೊಂದೋ ಅಂಕ. ‘ಇನ್ನು ಮೇಲೆ ಮನೇಲಿ ಕನ್ನಡ ಬೇಡ, ಎಲ್ಲ ಇಂಗ್ಲಿಷಿನಲ್ಲೇ ಆಗಲಿ’ ಎಂದು ತಾಯಿ ತೀರ್ಪು ಕೊಡುತ್ತಾರೆ. ತಂದೆ ತಲೆಯಾಡಿಸುತ್ತಾರೆ. ಊರಿನಿಂದ ಬಂದು ಜೊತೆಗಿರುವ ಅಜ್ಜಿ ಅಂದಿನಿಂದ ಮೊಮ್ಮಗನೊಡನೆ ಮಾತು ಕಡಿಮೆ ಮಾಡುತ್ತಾರೆ.

ಈ ತೀರ್ಪು ಸರಿಯೇ? ವಾಚನ ಪರೀಕ್ಷೆ ನಿಜವಾಗಿ ಅಳೆಯುವುದು ಏನನ್ನು? ಅದಕ್ಕೆ ಮನೆಯಲ್ಲಿ ಮಾಡಬಹುದಾದ ಸಿದ್ಧತೆ ಯಾವುದು? ಈ ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡಲಾಗಿದೆ.

ಪರೀಕ್ಷೆಯ ಸ್ವರೂಪ

ಸಿ.ಬಿ.ಎಸ್.ಇ. ಎಂದು ಪರಿಚಿತವಾದ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ 2024-25ನೆಯ ಸಾಲಿನ ಹತ್ತನೆಯ ತರಗತಿಯ ಇಂಗ್ಲಿಷ್ ಲಿಖಿತ ಪರೀಕ್ಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಟ್ಟು 80 ಅಂಕಗಳಲ್ಲಿ ವಾಚನಕ್ಕೆ 20, ವ್ಯಾಕರಣ ಮತ್ತು ಬರವಣಿಗೆಗೆ 20, ಸಾಹಿತ್ಯ ಪಠ್ಯಕ್ಕೆ 40. ವಾಚನ ವಿಭಾಗದಲ್ಲಿ ಎರಡು ಅಪರಿಚಿತ ಗದ್ಯಭಾಗಗಳು: ಮೊದಲನೆಯದು 400ರಿಂದ 450 ಪದಗಳ ವಿಚಾರಾತ್ಮಕ ಬರಹ, ಎರಡನೆಯದು ಅಂಕಿಅಂಶಗಳ ಪಟ್ಟಿ ಅಥವಾ ನಕ್ಷೆಯನ್ನೊಳಗೊಂಡ, 200ರಿಂದ 250 ಪದಗಳ ಮಾಹಿತಿ ಬರಹ. ತಲಾ ಹತ್ತು ಅಂಕ.

ಹತ್ತನೆಯ ತರಗತಿಗೇ ಇದು ಮುಗಿಯುವುದೂ ಇಲ್ಲ. ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ ನಡೆಯುವ ‘ಕ್ಲಾಟ್’ ಪರೀಕ್ಷೆಯು 2020ರಿಂದ ಬಹುಮಟ್ಟಿಗೆ ಗದ್ಯಭಾಗಗಳನ್ನು ಓದಿ ಉತ್ತರಿಸುವ ಪರೀಕ್ಷೆಯೇ ಆಗಿದೆ. ಅಮೆರಿಕದ ಕಾಲೇಜುಗಳಿಗೆ ಹೋಗಬಯಸುವವರು ಬರೆಯುವ ‘ಸ್ಯಾಟ್’ ಪರೀಕ್ಷೆಯಲ್ಲಿಯೂ, ಬ್ಯಾಂಕು ನೌಕರಿಯ ನೇಮಕಾತಿ ಪರೀಕ್ಷೆಗಳಲ್ಲಿಯೂ ಇಂಗ್ಲಿಷ್ ವಾಚನಕ್ಕೆ ಮುಖ್ಯ ಸ್ಥಾನವಿದೆ. ಆದುದರಿಂದ ಹದಿನೈದನೆಯ ವಯಸ್ಸಿನಲ್ಲಿ ಗಳಿಸಿದ ಓದಿನ ಶಕ್ತಿಯು ಮುಂದಿನ ಹತ್ತು ವರ್ಷ ಫಲ ಕೊಡುವ ಠೇವಣಿಯಿದ್ದಂತೆ.

ತಮಿಳುನಾಡು ಕಂಡ ಒಂದು ಪರೀಕ್ಷೆ

ಹದಿನೈದು ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನಗಳನ್ನು ಹಲವು ದೇಶಗಳಲ್ಲಿ ಒಂದೇ ಅಳತೆಗೋಲಿನಿಂದ ಅಳೆಯುವ ‘ಪೀಸಾ’ ಎಂಬ ಸಮೀಕ್ಷೆಯುಂಟು. 2009ರ ಸುತ್ತಿನ ವಿಸ್ತರಣೆಯಾಗಿ ನಡೆದ ಪರೀಕ್ಷೆಯಲ್ಲಿ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಪಾಲ್ಗೊಂಡವು. 2011ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶ ಶಿಕ್ಷಣ ವಲಯವನ್ನೇ ಬೆಚ್ಚಿಬೀಳಿಸಿತು. ಓದಿನಲ್ಲಿ ಮುಂದುವರಿದ ದೇಶಗಳ ಸರಾಸರಿ 493 ಆಗಿದ್ದರೆ ತಮಿಳುನಾಡಿನ ಸರಾಸರಿ 337. ನಿತ್ಯ ಜೀವನಕ್ಕೆ ಅಗತ್ಯವಾದ ಕನಿಷ್ಠ ಮಟ್ಟವನ್ನು ಮುಂದುವರಿದ ದೇಶಗಳಲ್ಲಿ ಶೇಕಡ 81 ಮಕ್ಕಳು ಮುಟ್ಟಿದ್ದರೆ ತಮಿಳುನಾಡಿನಲ್ಲಿ ಮುಟ್ಟಿದವರು ಶೇಕಡ 17 ಮಾತ್ರ.

ಪ್ರಶ್ನೆಗಳ ಸಂದರ್ಭಗಳು ಭಾರತದ ಮಕ್ಕಳಿಗೆ ಅಪರಿಚಿತವಾಗಿದ್ದುವೆಂಬ ಆಕ್ಷೇಪಣೆ ಆಗ ಕೇಳಿಬಂದಿತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪೀಸಾ ಅಳೆಯುವುದು ಇಂಗ್ಲಿಷಿನ ಪಾಂಡಿತ್ಯವನ್ನಲ್ಲ, ಓದಿ ಗ್ರಹಿಸುವ ಶಕ್ತಿಯನ್ನು ಎಂಬುದನ್ನು ಮರೆಯಬಾರದು. ಪಾಠವನ್ನು ಒಪ್ಪಿಸಬಲ್ಲ ಮಕ್ಕಳು ಹೊಸ ಬರಹದ ಎದುರಿಗೆ ತಡವರಿಸಿದರು. ಬರಹದಲ್ಲಿರುವ ಮಾಹಿತಿಯನ್ನು ಹುಡುಕುವುದು, ಬಿಡಿ ಸಂಗತಿಗಳನ್ನು ಹೊಂದಿಸಿ ಅರ್ಥಮಾಡುವುದು, ಓದಿದ್ದನ್ನು ತೂಗಿ ನೋಡುವುದು ಎಂಬ ಮೂರು ಬಗೆಯ ಕೆಲಸಗಳನ್ನು ಪೀಸಾ ಕೇಳುತ್ತದೆ. ಈಗಿನ ಮಂಡಳಿ ಪರೀಕ್ಷೆಗಳು ಕೇಳುತ್ತಿರುವುದೂ ಇವನ್ನೇ.

ಓದಿ ಗ್ರಹಿಸುವುದೆಂದರೇನು?

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಅಕ್ಷರಗಳನ್ನು ಬಿಡಿಸಿ ಪದವನ್ನು ಗುರುತಿಸುವ ಶಕ್ತಿ ಒಂದು. ಆ ಭಾಷೆಯ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡನ್ನೂ ಗುಣಿಸಿದರೆ ಬರುವುದು ಓದಿನ ಗ್ರಹಿಕೆ. ಇಲ್ಲಿರುವುದು ಕೂಡುವ ಲೆಕ್ಕವಲ್ಲ, ಗುಣಾಕಾರದ ಲೆಕ್ಕ ಎಂಬುದನ್ನು ಗಮನಿಸಬೇಕು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಗುಣಲಬ್ಧ ಸೊನ್ನೆಯೇ. ಗದ್ಯಭಾಗವನ್ನು ನಿರರ್ಗಳವಾಗಿ ಗಟ್ಟಿಯಾಗಿ ಓದಿದ ಮಗು ಅದನ್ನು ಗ್ರಹಿಸಿದೆಯೆಂದು ತಿಳಿಯುವುದು ತಪ್ಪಾಗುವುದು ಇದರಿಂದಲೇ.

ಭಾಷೆಯನ್ನು ಅರ್ಥಮಾಡಿಕೊಳ್ಳಲು ಶಬ್ದಸಂಪತ್ತು ಬೇಕು. ಅನ್ಯರ ನೆರವಿಲ್ಲದೆ ಒಂದು ಬರಹವನ್ನು ಗ್ರಹಿಸಬೇಕಾದರೆ ಅದರಲ್ಲಿನ ನೂರು ಪದಗಳಲ್ಲಿ ಸುಮಾರು 98 ಪದಗಳು ತಿಳಿದಿರಬೇಕೆಂದು ಹು ಮತ್ತು ನೇಷನ್ ಎಂಬ ಭಾಷಾತಜ್ಞರು 2000ದಲ್ಲಿ ತೋರಿಸಿದರು. 450 ಪದಗಳ ಗದ್ಯಭಾಗಕ್ಕೆ ಈ ಲೆಕ್ಕವನ್ನು ಅನ್ವಯಿಸಿದರೆ, ಅಪರಿಚಿತ ಪದಗಳು ಒಂಬತ್ತನ್ನು ಮೀರಿದಾಗ ಓದುಗನ ಕಾಲಡಿಯ ನೆಲ ಸಡಿಲವಾಗತೊಡಗುತ್ತದೆ.

ಶಬ್ದಗಳಷ್ಟೇ ಸಾಲವು, ವಿಷಯಜ್ಞಾನವೂ ಬೇಕು. ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬವರು 1988ರಲ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದವರಾದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದು ಆಟವನ್ನರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಬೇಸ್‌ಬಾಲಿನ ಬದಲು ಕ್ರಿಕೆಟ್ ಎಂದುಕೊಂಡರೆ ಚೆನ್ನೈಯ ಯಾವ ಮನೆಯಲ್ಲಿಯಾದರೂ ಇದರ ಸತ್ಯ ಗೋಚರವಾಗುತ್ತದೆ. ಚೇಪಾಕಿನ ಟೆಸ್ಟ್ ಪಂದ್ಯದ ವರದಿಯನ್ನು ಕ್ಷಣಾರ್ಧದಲ್ಲಿ ಗ್ರಹಿಸುವ ಹುಡುಗನಿಗೆ ಹವಳದ ದಿಬ್ಬಗಳ ಮೇಲಿನ ಲೇಖನ ಕಬ್ಬಿಣದ ಕಡಲೆಯಾಗುತ್ತದೆ. ಅವನಲ್ಲಿ ಕೊರತೆಯಿರುವುದು ಇಂಗ್ಲಿಷಿಗಲ್ಲ, ಹವಳದ ಪರಿಚಯಕ್ಕೆ.

ಒಂದು ಮಾದರಿ

ಪ್ರಶ್ನೆಗಳ ಬಗೆಯನ್ನು ತಿಳಿಯಲು ಕನ್ನಡದಲ್ಲಿಯೇ ಒಂದು ಕಿರು ಗದ್ಯಭಾಗವನ್ನು ನೋಡಬಹುದು.

‘2003ರಲ್ಲಿ ತಮಿಳುನಾಡು ಸರ್ಕಾರವು ಕಟ್ಟಡಗಳಲ್ಲಿ ಮಳೆನೀರು ಸಂಗ್ರಹದ ಏರ್ಪಾಡನ್ನು ಕಡ್ಡಾಯಗೊಳಿಸಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ನೆರೆಯಲ್ಲಿ ಮುಳುಗಿತು. 2019ರ ಬೇಸಿಗೆಯಲ್ಲಿ ನಗರದ ನಾಲ್ಕು ಪ್ರಮುಖ ಜಲಾಶಯಗಳೂ ಬಹುಮಟ್ಟಿಗೆ ಬತ್ತಿ, ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ನಾಲ್ಕು ವರ್ಷಗಳೊಳಗೆ ಒಂದೇ ಊರು ನೀರು ಹೆಚ್ಚಾಗಿಯೂ ನೀರಿಲ್ಲದೆಯೂ ಸಂಕಟಪಟ್ಟಿತು.’ ಇದರ ಕೆಳಗೆ ಜಲಾಶಯಗಳ ಧಾರಣಶಕ್ತಿಯ ಪಟ್ಟಿ, ದಶಲಕ್ಷ ಘನ ಅಡಿಗಳಲ್ಲಿ: ಪೂಂಡಿ 3,231, ಚೋಳವರಂ 1,081, ರೆಡ್ ಹಿಲ್ಸ್ 3,300, ಚೆಂಬರಂಬಾಕ್ಕಂ 3,645.

ಮೊದಲನೆಯ ಪ್ರಶ್ನೆ: ರೈಲಿನಲ್ಲಿ ನೀರು ಎಲ್ಲಿಂದ ಬಂದಿತು? ಉತ್ತರ ಬರಹದಲ್ಲಿಯೇ ಇದೆ, ಹುಡುಕಿದರೆ ಸಾಕು.

ಎರಡನೆಯದು: ಲೇಖಕನ ಇಂಗಿತವೇನು? ‘ಮಳೆ ಬರುವುದಷ್ಟೇ ಸಾಲದು, ಬಂದ ನೀರನ್ನು ಹಿಡಿದಿಡಬೇಕು’ ಎಂಬುದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಕೊನೆಯ ವಾಕ್ಯ ಅದನ್ನು ಸೂಚಿಸುತ್ತದೆ. ನಮ್ಮ ಅಲಂಕಾರಶಾಸ್ತ್ರಜ್ಞರು ವಾಚ್ಯಾರ್ಥ, ವ್ಯಂಗ್ಯಾರ್ಥ ಎಂದು ಮಾಡಿದ ವಿಭಾಗವನ್ನು ಇಲ್ಲಿ ನೆನೆಯಬಹುದು. ಹೆಚ್ಚಿನ ಮಕ್ಕಳು ಅಂಕ ಕಳೆದುಕೊಳ್ಳುವ ಸ್ಥಳ ಇದು.

ಮೂರನೆಯದು: ಹೇಳಿಕೆ ಮತ್ತು ಕಾರಣ. ‘2003ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು’ ಎಂಬುದು ಹೇಳಿಕೆ. ‘2019ರಲ್ಲಿ ಜಲಾಶಯಗಳು ಬತ್ತಿದುವು’ ಎಂಬುದು ಕಾರಣ. ಎರಡೂ ನಿಜ. ಆದರೆ ಹದಿನಾರು ವರ್ಷಗಳ ಬಳಿಕ ನಡೆದುದು ಮೊದಲು ನಡೆದುದಕ್ಕೆ ಕಾರಣವಾಗಲಾರದು. ‘ಎರಡೂ ನಿಜವೇ’ ಎಂದು ಕಂಡ ಕೂಡಲೇ ಗುರುತು ಹಾಕುವ ಆತುರಗಾರನು ಇಲ್ಲಿ ಎಡವುತ್ತಾನೆ.

ನಾಲ್ಕನೆಯದು: 2019ರ ಜೂನಿನಲ್ಲಿ ಅತಿ ಹೆಚ್ಚು ನೀರಿದ್ದ ಜಲಾಶಯ ಯಾವುದು? ದೊಡ್ಡ ಅಂಕಿಯನ್ನು ನೋಡಿ ಚೆಂಬರಂಬಾಕ್ಕಂ ಎಂದು ಬರೆಯುವವರೇ ಬಹಳ. ಪಟ್ಟಿಯಲ್ಲಿರುವುದು ಎಷ್ಟು ನೀರು ಹಿಡಿಯಬಲ್ಲುದು ಎಂಬ ಲೆಕ್ಕ. ಎಷ್ಟು ನೀರಿತ್ತು ಎಂಬುದಲ್ಲ. ಸಾಲದ ಖಾತೆಯಲ್ಲಿ ಮಂಜೂರಾದ ಮಿತಿಯೇ ಬೇರೆ, ಪಡೆದ ಮೊತ್ತವೇ ಬೇರೆ ಎಂಬಂತೆ. ಪಟ್ಟಿಯ ತಲೆಬರಹವನ್ನು ಮೊದಲು ಓದದವನಿಗೆ ಅಂಕಿಗಳು ಮೋಸ ಮಾಡುತ್ತವೆ.

ಐದನೆಯದು, ಸಂದರ್ಭದಿಂದ ಪದದ ಅರ್ಥ. ಇದೇ ಬರಹ ಇಂಗ್ಲಿಷಿನಲ್ಲಿದ್ದು ಅದರಲ್ಲಿ ‘ಟ್ಯಾಂಕ್’ ಎಂಬ ಪದ ಬಂದರೆ, ಅದು ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಕೆರೆ ಎಂದು ಅಕ್ಕಪಕ್ಕದ ವಾಕ್ಯಗಳಿಂದ ತಿಳಿಯಬೇಕು; ಮಾಳಿಗೆಯ ಮೇಲಿನ ತೊಟ್ಟಿಯೂ ಅಲ್ಲ, ಯುದ್ಧದ ವಾಹನವೂ ಅಲ್ಲ.

ತಪ್ಪುಗಳ ಲೆಕ್ಕಪುಸ್ತಕ

ಮಾದರಿ ಪ್ರಶ್ನೆಪತ್ರಿಕೆಗಳನ್ನು ರಾಶಿರಾಶಿಯಾಗಿ ಬರೆಯಿಸುವುದರಿಂದಲೇ ಲಾಭವಿಲ್ಲ. ವ್ಯಾಪಾರಿಯು ದಿನವೆಲ್ಲ ವಹಿವಾಟು ನಡೆಸಿ ರಾತ್ರಿ ಲೆಕ್ಕ ನೋಡದಿದ್ದರೆ ನಷ್ಟ ಎಲ್ಲಿ ಆಗುತ್ತಿದೆಯೆಂದು ಹೇಗೆ ತಿಳಿದೀತು? ವಾರಕ್ಕೆ ಎರಡು ಗದ್ಯಭಾಗಗಳು ಸಾಕು. ಆದರೆ ತಪ್ಪಾದ ಪ್ರತಿಯೊಂದು ಉತ್ತರವನ್ನೂ ನಾಲ್ಕು ಅಂಕಣಗಳಲ್ಲಿ ಒಂದಕ್ಕೆ ಖರ್ಚು ಹಾಕಬೇಕು: ಪದ ತಿಳಿಯಲಿಲ್ಲ, ಉದ್ದವಾದ ವಾಕ್ಯ ಬಿಡಿಸಲಾಗಲಿಲ್ಲ, ಬರಹವನ್ನು ಮತ್ತೆ ನೋಡದೆ ನೆನಪಿನಿಂದ ಬರೆದದ್ದು, ಬರಹದಲ್ಲಿಲ್ಲದ ಸ್ವಂತ ಅಭಿಪ್ರಾಯವನ್ನು ಸೇರಿಸಿದ್ದು.

ತಿಂಗಳ ಕೊನೆಯಲ್ಲಿ ಅಂಕಣಗಳನ್ನು ಕೂಡಿದರೆ ರೋಗ ಯಾವುದೆಂದು ತಿಳಿಯುತ್ತದೆ. ಮೊದಲನೆಯ ಅಂಕಣ ತುಂಬಿದ್ದರೆ ಓದು ಹೆಚ್ಚಬೇಕು. ಎರಡನೆಯದು ತುಂಬಿದ್ದರೆ ದಿನಕ್ಕೊಂದು ಉದ್ದ ವಾಕ್ಯವನ್ನು ಎತ್ತಿಕೊಂಡು ಕರ್ತೃ ಯಾರು, ಕ್ರಿಯೆ ಯಾವುದು ಎಂದು ಬಿಡಿಸುವ ಅಭ್ಯಾಸ ಬೇಕು. ಮೂರು, ನಾಲ್ಕನೆಯವು ತುಂಬಿದ್ದರೆ ಪ್ರತಿ ಉತ್ತರಕ್ಕೂ ಆಧಾರವಾದ ಸಾಲಿನ ಕೆಳಗೆ ಗೆರೆಯೆಳೆಯುವ ನಿಯಮವನ್ನು ಹಾಕಿಕೊಳ್ಳಬೇಕು.

ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಗೆ ತಂದುಕೊಳ್ಳುವುದು ಹೆಚ್ಚು ಫಲಕಾರಿ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಐದು ನಿಮಿಷಗಳ ನಂತರ ನೋಡಿದಾಗ ಪುನಃ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪು ಮಾಡಿಕೊಂಡು ಬರೆದವರು ಮುಂದಾದರು. ಗದ್ಯಭಾಗ ಓದಿದೊಡನೆ ಅದರ ಸಾರವನ್ನು ಎರಡು ವಾಕ್ಯಗಳಲ್ಲಿ ಹೇಳಿಸುವುದು ಈ ದೃಷ್ಟಿಯಿಂದ ಉತ್ತಮ ಅಭ್ಯಾಸ.

ಇವೆಲ್ಲಕ್ಕೂ ತಳಹದಿ ದಿನನಿತ್ಯದ ಓದು. ಯುದ್ಧಕಾಲದ ಶಸ್ತ್ರಾಭ್ಯಾಸ ಇಲ್ಲಿ ನಡೆಯದು. ದಿನಕ್ಕೆ ಇಪ್ಪತ್ತು ನಿಮಿಷ, ಪಠ್ಯೇತರವಾದ ಏನನ್ನಾದರೂ ಓದುವ ಪದ್ಧತಿ ಎಂಟನೆಯ ತರಗತಿಯಿಂದಲೇ ಆರಂಭವಾದರೆ ಹನಿಗೂಡಿ ಹಳ್ಳವಾಗುತ್ತದೆ. ವೃತ್ತಪತ್ರಿಕೆಯ ಸಂಪಾದಕೀಯದಿಂದಲೇ ತೊಡಗಬೇಕೆಂದಿಲ್ಲ. ಆಟದ ಪುಟದಿಂದ ತೊಡಗಿ ವಿಜ್ಞಾನದ ಪುಟಕ್ಕೆ ಸಾಗಬಹುದು. 2010ರಲ್ಲಿ ಆರಂಭವಾದ ಕೋಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಎಗ್ಮೋರಿನಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯಕ್ಕೆ ದೇಶದಲ್ಲಿ ಪ್ರಕಟವಾಗುವ ಪುಸ್ತಕಗಳ ಪ್ರತಿಗಳು ಕಾನೂನಿನಂತೆ ಸಲ್ಲಬೇಕು; ಕನ್ನಡ ಪುಸ್ತಕಗಳೂ ಅದರಲ್ಲಿ ಸೇರಿವೆ.

ಮನೆಯ ಮಾತು ಅಡ್ಡಿಯೇ?

ಈಗ ಆರಂಭದ ತೀರ್ಪಿಗೆ ಬರೋಣ. ಪಟಪಟನೆ ಮಾತನಾಡುವ ಹುಡುಗ ವಾಚನದಲ್ಲಿ ಹಿಂದುಳಿಯುವುದೇಕೆ? ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಇದಕ್ಕೆ ಉತ್ತರ ನೀಡಿದ್ದಾರೆ. ಸಂಭಾಷಣೆಯ ಭಾಷೆ ಬೇರೆ, ಪಾಠಪ್ರವಚನಗಳ ಭಾಷೆ ಬೇರೆ. ಮೊದಲನೆಯದು ಗೆಳೆಯರ ಸಹವಾಸದಲ್ಲಿ ಬೇಗ ಕೈವಶವಾಗುತ್ತದೆ. ಎರಡನೆಯದಕ್ಕೆ ಹಲವು ವರ್ಷಗಳ ಓದು ಬೇಕಾಗುತ್ತದೆ. ಅಂದಮೇಲೆ, ಊಟದ ಮನೆಯಲ್ಲಿ ಕನ್ನಡಕ್ಕೆ ಬದಲಾಗಿ ಇಂಗ್ಲಿಷಿನಲ್ಲಿ ಉಪ್ಪು ಕೇಳಿದ ಮಾತ್ರಕ್ಕೆ ಗದ್ಯಭಾಗದ ಇಂಗ್ಲಿಷ್ ಬರುವುದಿಲ್ಲ.

ಕಮಿನ್ಸ್ ಅವರ ಇನ್ನೊಂದು ಮಾತು ಹೊರನಾಡ ಕನ್ನಡಿಗರಿಗೆ ಇನ್ನೂ ಮುಖ್ಯವಾದುದು. ಒಂದು ಭಾಷೆಯಲ್ಲಿ ಬೆಳೆದ ಗ್ರಹಣಶಕ್ತಿ ಇನ್ನೊಂದು ಭಾಷೆಗೂ ಒದಗಿಬರುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು, ಹೇಳಿದ್ದೇನು, ಸೂಚಿಸಿದ್ದೇನು ಎಂಬ ವಿವೇಚನೆಯನ್ನು ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷಿನಲ್ಲಿ ಅದನ್ನು ಮೊದಲಿಂದ ಕಲಿಯಬೇಕಾಗಿಲ್ಲ. ಹವಳದ ದಿಬ್ಬದ ವಿಚಾರವನ್ನು ಕನ್ನಡದಲ್ಲಿ ಕೇಳಿ ತಿಳಿದಿದ್ದರೂ ಇಂಗ್ಲಿಷ್ ಗದ್ಯಭಾಗ ಹಗುರಾಗುತ್ತದೆ.

ತಮಿಳುನಾಡಿನ ಕನ್ನಡ ಮಕ್ಕಳು ಮೂರು ಭಾಷೆಗಳ ನಡುವೆ ಬೆಳೆಯುವವರು. 2006ರ ತಮಿಳು ಕಲಿಕೆಯ ಕಾಯಿದೆಯ ಬಳಿಕ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಶಾಲೆಯಲ್ಲಿ ಕನ್ನಡಕ್ಕೆ ಅವಕಾಶ ಕಿರಿದಾದಷ್ಟೂ ಮನೆಯ ಹೊಣೆ ಹಿರಿದಾಗುತ್ತದೆ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮೊಮ್ಮಗ ಇಂಗ್ಲಿಷಿನಲ್ಲಿ ಓದಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ‘ಯಾಕಂತೆ?’, ‘ಆಮೇಲೆ?’, ‘ಅದು ನಿಂಗೆ ಹೇಗೆ ಗೊತ್ತಾಯ್ತು?’ ಎಂದು ಅಜ್ಜಿ ಕೇಳಲಿ. ಅರ್ಥವಾಗದ ವಾಕ್ಯವನ್ನು ಪರಭಾಷೆಗೆ ತಿರುಗಿಸಲಾಗದು. ಆದ್ದರಿಂದ ಗ್ರಹಿಕೆಯ ಲೋಪ ಅಲ್ಲಿಯೇ ಬಯಲಾಗುತ್ತದೆ. ಅಜ್ಜಿಯ ಆ ಮೂರು ಪ್ರಶ್ನೆಗಳು ಪ್ರಶ್ನೆಪತ್ರಿಕೆಯ ಪ್ರಶ್ನೆಗಳಿಂದ ದೂರವೇನಿಲ್ಲ.

ಕಣ್ಣು, ನಿದ್ರೆ ಮತ್ತು ಓದಿನ ತೊಡಕು

ಓದಿನಲ್ಲಿ ಹಿಂದುಳಿದ ಮಗುವನ್ನು ಸೋಮಾರಿಯೆಂದು ಜರೆಯುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ದಿನದಲ್ಲಿ ಸ್ವಲ್ಪ ಹೊತ್ತು ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ತಲೆದೋರುವುದು ಕಡಿಮೆಯೆಂದು ವೈದ್ಯಶಾಸ್ತ್ರ ಕಂಡುಕೊಂಡಿದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯ. ನಡುರಾತ್ರಿಯವರೆಗೆ ಕೂರಿಸಿ ಓದಿಸಿದ ಮಗುವಿನ ಕಣ್ಣು ಸಾಲಿನ ಮೇಲೆ ಹರಿದರೂ ಮನಸ್ಸು ಹರಿಯುವುದಿಲ್ಲ.

ಕೆಲವು ಮಕ್ಕಳಿಗೆ ಬುದ್ಧಿ ಚುರುಕಾಗಿದ್ದರೂ ಅಕ್ಷರಗಳನ್ನು ಬಿಡಿಸುವುದೇ ಪ್ರಯಾಸ. ಡಿಸ್ಲೆಕ್ಸಿಯಾ ಎಂಬ ಈ ತೊಡಕು ಮಗುವಿನ ತಪ್ಪೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಚೆನ್ನೈಯಲ್ಲಿ 1991ರಲ್ಲಿ ಸ್ಥಾಪಿತವಾದ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇಂಥ ಮಕ್ಕಳಿಗಾಗಿ ಕೆಲಸಮಾಡುತ್ತ ಬಂದಿದೆ. ದೃಢೀಕರಣ ಪತ್ರವಿದ್ದಲ್ಲಿ ಮಂಡಳಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೇ ಮೊದಲಾದ ಸೌಲಭ್ಯಗಳೂ ದೊರೆಯುತ್ತವೆ. ಅದಕ್ಕೆ ಶಾಲೆಯ ಮೂಲಕ ಮೊದಲೇ ಅರ್ಜಿ ಸಲ್ಲಿಸಬೇಕಾದುದರಿಂದ ಕೊನೆಯ ತಿಂಗಳವರೆಗೆ ಕಾಯಬಾರದು.

ಪರೀಕ್ಷೆಯ ದಿನ

ಮೂರು ಗಂಟೆಗಳಲ್ಲಿ 80 ಅಂಕಗಳೆಂದರೆ, ಅಂಕಗಳ ಪ್ರಮಾಣದಲ್ಲಿ ವಾಚನಕ್ಕೆ 45 ನಿಮಿಷ ಸಲ್ಲುತ್ತದೆ. ಸಾಹಿತ್ಯ ಭಾಗದ ದೀರ್ಘ ಉತ್ತರಗಳಿಗೆ ಸಮಯ ಉಳಿಸಿಕೊಂಡರೂ 35ರಿಂದ 40 ನಿಮಿಷ ಸಿಗುತ್ತದೆ. ನಿಮಿಷಕ್ಕೆ 150 ಪದಗಳ ಸಾಧಾರಣ ವೇಗದಲ್ಲಿ ಓದಿದರೂ ಎರಡು ಗದ್ಯಭಾಗಗಳ 700 ಪದಗಳಿಗೆ ಐದು ನಿಮಿಷ ಸಾಕು. ಅಂದರೆ ಎರಡು ಸಲ ಓದಲು ಧಾರಾಳ ಸಮಯವಿದೆ. ಆತುರಕ್ಕೆ ಕಾರಣವೇ ಇಲ್ಲ. ಉತ್ತರ ಬರೆಯುವ ಮೊದಲು ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ ಹದಿನೈದು ನಿಮಿಷಗಳಲ್ಲಿ ಮೊದಲನೆಯ ಓದು ಮುಗಿದುಹೋಗುತ್ತದೆ. ಎರಡನೆಯ ಓದಿನಲ್ಲಿ ಪ್ರಶ್ನೆಗಳನ್ನು ಕಣ್ಣಮುಂದಿಟ್ಟುಕೊಂಡು ಆಧಾರ ಹುಡುಕಬೇಕು.

ಅಂಕ ಕಡಿಮೆಯಾದ ಮಾತ್ರಕ್ಕೆ ಓದುಗನ ಬಾಳು ಮುಗಿಯುವುದಿಲ್ಲ. ಮದ್ರಾಸಿನಲ್ಲಿ 1906ರಲ್ಲಿ ಜನಿಸಿ, ಪುರಸವಾಕ್ಕಂನಲ್ಲಿ ಅಜ್ಜಿಯ ಆರೈಕೆಯಲ್ಲಿ ಬೆಳೆದು, ಮುಂದೆ ಮೈಸೂರನ್ನು ತಮ್ಮದಾಗಿಸಿಕೊಂಡ ಆರ್.ಕೆ. ನಾರಾಯಣ್ ಅವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು, ಅದೂ ಇಂಗ್ಲಿಷ್ ವಿಷಯದಲ್ಲಿ. ಆ ವರ್ಷವನ್ನು ಅವರು ಓದುತ್ತ, ಬರೆಯುತ್ತ ಕಳೆದರು. 1935ರಲ್ಲಿ ಅವರ ಮೊದಲ ಇಂಗ್ಲಿಷ್ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು. ಹೈಸ್ಕೂಲು ಮಕ್ಕಳ ಇಂಗ್ಲಿಷ್ ಓದಿಗೆ ಅದಕ್ಕಿಂತ ಒಳ್ಳೆಯ ಆರಂಭ ವಿರಳ.

ಅಂಕಪಟ್ಟಿ ಬಂದ ಸಂಜೆ ಮನೆಯಿಂದ ಕನ್ನಡವನ್ನು ಹೊರಗೆ ಕಳುಹಿಸುವ ಅವಶ್ಯಕತೆಯಿಲ್ಲ. ಒಂದು ಒಳ್ಳೆಯ ಪುಸ್ತಕವನ್ನು ಒಳಗೆ ತಂದು, ಅದನ್ನೋದಿದ ಮಗುವನ್ನು ಅಜ್ಜಿಯ ಬಳಿ ಕೂರಿಸಿದರೆ ಸಾಕು. ಇಂಗ್ಲಿಷಿನ ಇಪ್ಪತ್ತು ಅಂಕಗಳಿಗೂ ಅದರಿಂದ ಒಳಿತಾದೀತು. ಅಜ್ಜಿ ಮೊಮ್ಮಗನ ನಡುವಿನ ಮಾತೂ ಉಳಿದೀತು.